ಡ್ಯಾಂ ತುಂಬಿತು, ನಮ್ಮ ಹೊಲಕ್ಕೆ ಮಳೆ ಯಾವಾಗ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮಳೆಯ ಬಗ್ಗೆಯೇ ಇವೆ. ತುಂಗಭದ್ರಾ ಹಿನ್ನೀರಿನ ದಂಡೆಯವರು, ಕೆಳಗೆ ಎಡದಂಡೆ ಕಾಲುವೆಯ ಗದ್ದೆಯವರು, ಕುಷ್ಟಗಿ-ಯಲಬುರ್ಗಾ ಕಡೆಯ ಒಣಬೇಸಾಯದವರು, ರಾಯಚೂರಿನ ಹತ್ತಿ ಬೆಳೆಗಾರರು ಎಲ್ಲರೂ ಸುತ್ತಿ ಬಳಸಿ ಕೇಳಿರುವುದು ಒಂದನ್ನೇ: ಸೆಪ್ಟೆಂಬರ್, ಅಕ್ಟೋಬರ್ ಹೇಗಿರುತ್ತದೆ? ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇಲ್ಲಿ ಹವಾಮಾನದವುಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಡ್ಯಾಂ ತುಂಬಿತು, ಗೇಟ್ ತೆಗೆದು ನದಿಗೆ ನೀರು ಬಿಟ್ಟರು. ಟಿವಿಯಲ್ಲಿ ದಿನಾ ಭಾರಿ ಮಳೆ ಅಂತಾರೆ. ನಮ್ಮ ಹೊಲದಲ್ಲಿ ಸಜ್ಜೆ ಬಾಡುತ್ತಿದೆ. ಯಾಕೆ ಹೀಗೆ? (ಯಲಬುರ್ಗಾ ತಾಲೂಕಿನ ರೈತರು)

ಅಣ್ಣಾರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಡ್ಯಾಂ ತುಂಬಿಸುವ ಮಳೆಯೇ ಬೇರೆ, ನಮ್ಮ ಹೊಲ ತೋಯಿಸುವ ಮಳೆಯೇ ಬೇರೆ. ತುಂಗಾ, ಭದ್ರಾ ಎರಡೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ಕೂಡುವುದು ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ. ಮುಂದೆ ಹಾವೇರಿ ಜಿಲ್ಲೆಯಲ್ಲಿ ವರದಾ ಬಂದು ಸೇರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಅರಬ್ಬಿ ಸಮುದ್ರದಿಂದ ಜೋರಾಗಿ ಬರುವ ಪಡುವಣ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ, ಅಲ್ಲೇ ತನ್ನ ನೀರನ್ನೆಲ್ಲ ಸುರಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ. ಅದೇ ಗಾಳಿ ಘಟ್ಟ ಇಳಿದು ನಮ್ಮ ಕಡೆ ಬರುವಾಗ ಒಣಗಿರುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ವರ್ಷವಿಡೀ ಬೀಳುವುದು ಸುಮಾರು 500ರಿಂದ 650 ಮಿಲಿಮೀಟರ್. ಜುಲೈನಲ್ಲಿ ನಮಗೆ ಸಿಗುವುದು ಬರೀ ಗಾಳಿ, ಮೋಡ, ಮೈ ನೆನೆಯದಷ್ಟು ತುಂತುರು. ಇದು ನಮ್ಮ ಸೀಮೆಯ ಹಣೆಬರಹ ಅಂತ ಹಿರಿಯರು ಹೇಳುತ್ತಿದ್ದರು, ಅದರ ಕಾರಣ ಘಟ್ಟದ ಮಳೆನೆರಳು.

ನಮ್ಮ ಪಾಲಿನ ಮಳೆ ಸೆಪ್ಟೆಂಬರಿನಲ್ಲಿದೆ. ಮೂರೂ ಜಿಲ್ಲೆಗಳಿಗೆ ಸಾಮಾನ್ಯವಾಗಿ ವರ್ಷದ ಅತಿ ಹೆಚ್ಚು ಮಳೆಯ ತಿಂಗಳು ಅದೇ. ಆಗ ಪಡುವಣ ಗಾಳಿಯ ಜೋರು ಇಳಿಯುತ್ತದೆ, ಬಿಸಿಲು ಬಿದ್ದು ನೆಲ ಕಾಯುತ್ತದೆ, ಗಾಳಿಯಲ್ಲಿ ತೇವ ಇನ್ನೂ ಇರುತ್ತದೆ. ಮಧ್ಯಾಹ್ನದ ಮೇಲೆ ಮೋಡ ಎತ್ತರಕ್ಕೆ ಕಟ್ಟಿ ಸಂಜೆಗೋ ರಾತ್ರಿಗೋ ಗುಡುಗಿ ಸುರಿಯುತ್ತದೆ. ಇದರ ಜೊತೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಅದು ಆಂಧ್ರ, ತೆಲಂಗಾಣ ದಾಟಿ ಪಶ್ಚಿಮಕ್ಕೆ ಸರಿದರೆ, ಎರಡು ಮೂರು ದಿನ ಬಿಡದೆ ಹಿಡಿಯುವ ಮಳೆಯೂ ಸಿಗುತ್ತದೆ. ಅಂದರೆ ಈಗ ನೀವು ನೋಡಬೇಕಾದ್ದು ಮೂಡಲ ದಿಕ್ಕನ್ನು. ಶಿವಮೊಗ್ಗದ ಸುದ್ದಿ ಕೇಳಿ ನಿಮ್ಮ ಹೊಲದ ಲೆಕ್ಕ ಹಾಕಬೇಡಿ, ಕರ್ನೂಲು, ಮಹಬೂಬ್‌ನಗರ ಕಡೆ ಏನಾಗುತ್ತಿದೆ ಅಂತ ಕೇಳಿ. ಸಜ್ಜೆ ತೆನೆ ಹಂತದಲ್ಲಿದ್ದರೆ, ಕೃಷಿ ಹೊಂಡದಲ್ಲಿ ನೀರಿದ್ದರೆ, ಒಂದೇ ಒಂದು ಸಲ ಹಾಯಿಸಿದರೂ ಬೆಳೆ ಉಳಿಯುತ್ತದೆ. ಮಳೆ ಬರುತ್ತದೆ ಅಂತ ಆ ನೀರನ್ನು ಉಳಿಸಿಕೊಂಡು ಕೂಡಬೇಡಿ.

ಪ್ರಶ್ನೆ: ನಮ್ಮೂರ ಮುಂದೆ ಕಣ್ಣು ಹಾಯುವಷ್ಟು ದೂರ ನೀರು. ಇಷ್ಟು ನೀರು ಆವಿಯಾಗಿ ನಮಗೇ ಮಳೆಯಾಗಬಾರದಾ? (ಹಿನ್ನೀರಿನ ದಂಡೆಯ ಹಳ್ಳಿಯಿಂದ, ಕೊಪ್ಪಳ ತಾಲೂಕು)

ಒಳ್ಳೆ ಪ್ರಶ್ನೆ ತಮ್ಮಾ. ಆವಿಯಂತೂ ಆಗುತ್ತದೆ, ಅದೂ ಜಾಸ್ತಿಯೇ ಆಗುತ್ತದೆ. ಆದರೆ ಆವಿ ಮೋಡವಾಗಬೇಕಾದರೆ ಆ ಗಾಳಿ ಮೇಲೇರಬೇಕು, ಮೇಲೇರಿ ತಣ್ಣಗಾಗಬೇಕು. ಹಗಲಿನಲ್ಲಿ ನೀರು ನೆಲಕ್ಕಿಂತ ತಂಪಾಗಿರುತ್ತದೆ, ಹಾಗಾಗಿ ನೀರಿನ ಮೇಲಿನ ಗಾಳಿ ಏಳುವುದೇ ಇಲ್ಲ. ಕಾದ ನೆಲದ ಮೇಲಿನ ಗಾಳಿ ಏಳುತ್ತದೆ, ಅದರ ಜಾಗಕ್ಕೆ ನೀರಿನ ಕಡೆಯಿಂದ ತಂಪು ಗಾಳಿ ಬೀಸುತ್ತದೆ. ಮುನಿರಾಬಾದ್ ಕಡೆ ಮಧ್ಯಾಹ್ನದ ಮೇಲೆ ದಂಡೆಯಲ್ಲಿ ನಿಂತರೆ ಹಿತವೆನಿಸುವುದು ಇದಕ್ಕೇ. ಈ ಗಾಳಿಯ ಪ್ರಭಾವ ಕೆಲವು ಕಿಲೋಮೀಟರಿನಲ್ಲೇ ಮುಗಿಯುತ್ತದೆ. ನಮ್ಮ ಜಲಾಶಯ ತುಂಬಿದಾಗ ಸುಮಾರು 350 ಚದರ ಕಿಲೋಮೀಟರಿನಷ್ಟು ಹರಡುತ್ತದೆ. ನಮಗೆ ಅದು ಸಮುದ್ರದಂತೆ ಕಂಡರೂ ಸೀಮೆಗೆಲ್ಲ ಮಳೆ ತರಿಸುವಷ್ಟು ದೊಡ್ಡದಲ್ಲ. ದಂಡೆಯ ಹಳ್ಳಿಗಳಿಗೆ ಅದರಿಂದ ಸಿಗುವುದು ಸ್ವಲ್ಪ ತಂಪು, ಬೆಳಗಿನ ಹೊತ್ತು ಸ್ವಲ್ಪ ಇಬ್ಬನಿ, ಬಾವಿ-ಬೋರಿನಲ್ಲಿ ನೀರು. ನಿಜವಾಗಿ ದೊಡ್ಡ ಸರೋವರವೊಂದು ಹವೆಯನ್ನು ಹೇಗೆ ಆಳುತ್ತದೆ ಅಂತ ನೋಡಬೇಕಾದರೆ ಮುಂದಿನ ಪತ್ರ ಓದಿ.

ಪ್ರಶ್ನೆ: ಮಗಳು-ಅಳಿಯ ಅಮೆರಿಕದ ಡುಲೂತ್‌ನಲ್ಲಿದ್ದಾರೆ, ದೊಡ್ಡ ಸರೋವರದ ದಂಡೆಯಂತೆ. ಬಾಣಂತನಕ್ಕೆ ಸೆಪ್ಟೆಂಬರಿನಲ್ಲಿ ಹೊರಟಿದ್ದೇನೆ. ಅಲ್ಲಿ ಚಳಿ ಎಷ್ಟಿರುತ್ತದೆ? ಏನು ಕಟ್ಟಿಕೊಂಡು ಹೋಗಲಿ? (ಗಂಗಾವತಿಯ ಗೃಹಿಣಿ)

ಅಕ್ಕಾ, ಮೊದಲು ಅಜ್ಜಿಯಾಗುವ ಸಂಭ್ರಮಕ್ಕೆ ಶುಭಾಶಯ. ಡುಲೂತ್ ಇರುವುದು ಮಿನೆಸೋಟಾ ರಾಜ್ಯದಲ್ಲಿ, ಸುಪೀರಿಯರ್ ಸರೋವರದ ಪಶ್ಚಿಮ ತುದಿಯಲ್ಲಿ. ಆ ಸರೋವರದ ಹರವು ಸುಮಾರು 82,000 ಚದರ ಕಿಲೋಮೀಟರ್. ಇಡೀ ಕರ್ನಾಟಕವನ್ನು ಐದು ಪಾಲು ಮಾಡಿದರೆ ಅದರಲ್ಲಿ ಎರಡು ಪಾಲಿಗಿಂತ ಜಾಸ್ತಿ ಬರೀ ನೀರು! ಅಷ್ಟು ನೀರು ಒಂದೇ ಕಡೆ ಇದ್ದರೆ ಅದು ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ಬೇಸಿಗೆಯ ಬಿಸಿ ಹಿಡಿದು ಅದರ ಮೇಲ್ನೀರು ಅತಿ ಬೆಚ್ಚಗಾಗುವುದೇ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ.

ಇದರಿಂದ ಏನಾಗುತ್ತದೆ ಅಂದರೆ, ಸೆಪ್ಟೆಂಬರ್ ಕೊನೆಗೆ ಸರೋವರದಿಂದ ದೂರದ ಕಾಡು-ಹೊಲಗಳಲ್ಲಿ ರಾತ್ರಿ ಸೊನ್ನೆ ಡಿಗ್ರಿಗೆ ಇಳಿದು ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿದರೂ ದಂಡೆಯ ಮನೆಗಳಲ್ಲಿ ಅಷ್ಟು ಚಳಿ ಇರುವುದಿಲ್ಲ, ಅಲ್ಲಿ ಆ ಹಂತ ಬರುವುದು ಇನ್ನೂ ಕೆಲವು ದಿನ ತಡ. ಆದರೆ ಹಗಲು ಲೆಕ್ಕ ಬೇರೆ. ಸರೋವರದ ಕಡೆಯಿಂದ, ಅಂದರೆ ಈಶಾನ್ಯದಿಂದ ಗಾಳಿ ಬೀಸಿದರೆ ದಂಡೆ ತಟ್ಟನೆ ತಣ್ಣಗಾಗುತ್ತದೆ, ಮಂಜು ಮುಸುಕುತ್ತದೆ. ಊರ ಮೇಲಿನ ಗುಡ್ಡದಲ್ಲಿ ಬಿಸಿಲು, ಕೆಳಗೆ ನೀರಿನ ಹತ್ತಿರ ನಡುಕ, ಹೀಗೂ ಇರುತ್ತದೆ. ಸೆಪ್ಟೆಂಬರಿನಲ್ಲಿ ಸರಾಸರಿ ಹಗಲು 18-19 ಡಿಗ್ರಿ, ರಾತ್ರಿ 9ರ ಆಸುಪಾಸು. ಅಕ್ಟೋಬರಿನಲ್ಲಿ ಹಗಲು 11-12, ರಾತ್ರಿ 3ರ ಹತ್ತಿರ. ಗಂಗಾವತಿಯಲ್ಲಿ ಜನವರಿ ರಾತ್ರಿಯೂ ಇಷ್ಟು ತಣ್ಣಗಿರುವುದಿಲ್ಲ, ಅದನ್ನು ನೆನಪಿಟ್ಟುಕೊಳ್ಳಿ.

ಒಂದೇ ದಪ್ಪ ಸ್ವೆಟರ್ ಬದಲು ಒಂದರ ಮೇಲೊಂದು ಹಾಕಿಕೊಳ್ಳುವ ತೆಳು ಬಟ್ಟೆಗಳು ಇರಲಿ: ಒಳಗೆ ಮೈಗಂಟುವ ಬೆಚ್ಚನೆಯ ಅಂಗಿ, ಮೇಲೆ ಉಣ್ಣೆ, ಅದರ ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್. ಕಾಲುಚೀಲ, ಕಿವಿ ಮುಚ್ಚುವ ಟೋಪಿ, ಮುಚ್ಚಿದ ಬೂಟು ಬೇಕೇ ಬೇಕು, ಚಪ್ಪಲಿಯಲ್ಲಿ ಆಗುವುದಿಲ್ಲ. ಭಾರಿ ಚಳಿಯ ಕೋಟು ಇಲ್ಲಿ ಕೊಳ್ಳಬೇಡಿ, ಅಲ್ಲೇ ಒಳ್ಳೆಯದು ಸಿಗುತ್ತದೆ. ಹಿಮ ಅಕ್ಟೋಬರಿನಲ್ಲೇ ಸ್ವಲ್ಪ ಬೀಳಬಹುದು, ಜೋರಾಗುವುದು ಸಾಮಾನ್ಯವಾಗಿ ನವೆಂಬರಿನಿಂದ. ಆದರೂ 1991ರಲ್ಲಿ ಅಕ್ಟೋಬರ್ 31ಕ್ಕೆ ಶುರುವಾದ ಹಿಮಗಾಳಿ ಮೂರು ದಿನ ಬಿಡದೆ ಡುಲೂತ್‌ನಲ್ಲಿ ಸುಮಾರು ಮೂರಡಿ ಹಿಮ ಸುರಿಸಿತ್ತು. ಹೊರಡುವುದು ದೀಪಾವಳಿ ಆಚೆಗೆ ಹೋದರೆ ಅದಕ್ಕೂ ಸಿದ್ಧವಾಗಿರಿ. ಮಳೆಯ ವಿಷಯಕ್ಕೆ ಬಂದರೆ, ಸೆಪ್ಟೆಂಬರಿನಲ್ಲಿ ಆಗಾಗ ಬರುತ್ತದೆ, ನಮ್ಮ ಗುಡುಗು ಮಳೆಯಷ್ಟು ರಭಸ ಕಡಿಮೆ.

ಇನ್ನೊಂದು, ಹೊತ್ತು ದಿನಕ್ಕೆ ಮೂರು ನಿಮಿಷದಂತೆ ಕುಗ್ಗುತ್ತಾ ಹೋಗುತ್ತದೆ. ಮನೆಯೊಳಗೇ ಕೂತರೆ ಮನಸ್ಸು ಮಂಕಾಗುತ್ತದೆ. ಬಿಸಿಲಿದ್ದಾಗ ಹೊರಗೆ ಒಂದು ಸುತ್ತು ಹಾಕಿ ಬನ್ನಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಅಲ್ಲಿನ ಮೇಪಲ್ ಮರಗಳ ಎಲೆ ಕೆಂಪಾಗುತ್ತವೆ, ಬರ್ಚ್ ಮರಗಳು ಹಳದಿಯಾಗುತ್ತವೆ. ಸೆಪ್ಟೆಂಬರಿನಲ್ಲಿ ದಕ್ಷಿಣಕ್ಕೆ ಹೊರಟ ಗಿಡುಗ, ಹದ್ದುಗಳು ಅಷ್ಟು ದೊಡ್ಡ ನೀರನ್ನು ದಾಟಲೊಲ್ಲದೆ ದಂಡೆ ಹಿಡಿದು ಡುಲೂತ್ ಮೇಲೆಯೇ ಸಾವಿರ ಸಾವಿರ ಹಾರಿ ಹೋಗುತ್ತವೆ. ಹಾಕ್ ರಿಡ್ಜ್ ಅನ್ನುವ ಗುಡ್ಡದಲ್ಲಿ ನಿಂತು ಜನ ಅದನ್ನು ನೋಡುತ್ತಾರೆ. ಮಗಳಿಗೆ ಹೇಳಿ, ಕರೆದುಕೊಂಡು ಹೋಗುತ್ತಾಳೆ.

ಪ್ರಶ್ನೆ: ಕೊಪ್ಪಳಕ್ಕೆ ಯೆಲ್ಲೋ ಅಲರ್ಟ್ ಅಂದರು, ನಮ್ಮೂರಲ್ಲಿ ಹನಿ ಬೀಳಲಿಲ್ಲ. ಹವಾಮಾನದವರ ಮಾತು ನಂಬುವುದೋ ಬಿಡುವುದೋ? (ಕುಕನೂರಿನಿಂದ)

ನಂಬಿ, ಆದರೆ ಅವರು ಏನು ಹೇಳಿದ್ದಾರೆ ಅಂತ ಪೂರ್ತಿ ಓದಿ. ಟಿವಿಯವರು ಅರ್ಧ ನುಂಗುತ್ತಾರೆ. ಹವಾಮಾನ ಇಲಾಖೆ ‘ಒಂದೆರಡು ಕಡೆ’ ಮಳೆ ಅಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ ಇಪ್ಪತ್ತೈದರೊಳಗೆ ಮಾತ್ರ ಮಳೆ ಅಂತ ಅರ್ಥ. ‘ಕೆಲವು ಕಡೆ’ ಅಂದರೆ ಐವತ್ತರವರೆಗೆ, ‘ಹಲವು ಕಡೆ’ ಅಂದರೆ ಎಪ್ಪತ್ತೈದರವರೆಗೆ, ಅದಕ್ಕೂ ಮೀರಿದರೆ ‘ಬಹುತೇಕ ಎಲ್ಲ ಕಡೆ’. ಒಂದೆರಡು ಕಡೆ ಅಂದಾಗ ನಾಲ್ಕು ಊರಲ್ಲಿ ಮೂರು ಊರು ಒಣಗಿದ್ದರೂ ಅವರ ಮಾತು ಸರಿಯೇ. ನಮ್ಮ ಸೆಪ್ಟೆಂಬರಿನ ಗುಡುಗು ಮಳೆಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ, ಹೆದ್ದಾರಿಯ ಈ ಬದಿ ತೊಯ್ದು ಆ ಬದಿ ಧೂಳು ಹಾರುವ ಮಳೆ ಅದು.

ಹಳದಿ ಬಣ್ಣ ಅಂದರೆ ಗಮನಿಸುತ್ತಿರಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಈಗಲೇ ಕ್ರಮ ಕೈಗೊಳ್ಳಿ. ‘ಭಾರಿ ಮಳೆ’ ಅನ್ನುವುದಕ್ಕೂ ಅಳತೆ ಇದೆ: 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಬೇಕು. 115.6ರಿಂದ ‘ಅತಿ ಭಾರಿ’, 204.4 ದಾಟಿದರೆ ‘ಅತ್ಯಂತ ಭಾರಿ’. ಒಂದು ಮಿಲಿಮೀಟರ್ ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು, ಒಂದು ಇಂಚು ಅಂದರೆ ಒಂದು ಲಕ್ಷ ಲೀಟರ್ ಮೀರಿ. ಹೀಗೆ ನೋಡಿದರೆ 64 ಮಿಲಿಮೀಟರ್ ಎಷ್ಟು ದೊಡ್ಡ ಮಳೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಗೊಂದಲವೂ ಇದೆ. ಹವಾಮಾನ ಇಲಾಖೆಯ ವಿಭಾಗದಲ್ಲಿ ಕೊಪ್ಪಳ, ರಾಯಚೂರು ‘ಉತ್ತರ ಒಳನಾಡು’, ಆದರೆ ಬಳ್ಳಾರಿ, ವಿಜಯನಗರ ‘ದಕ್ಷಿಣ ಒಳನಾಡು’. ನದಿಯ ಈ ದಂಡೆ ಒಂದು ಪಟ್ಟಿಯಲ್ಲಿ, ಆ ದಂಡೆ ಇನ್ನೊಂದು ಪಟ್ಟಿಯಲ್ಲಿ. ಕಂಪ್ಲಿ, ಸಿರುಗುಪ್ಪದವರು ಉತ್ತರ ಒಳನಾಡಿನ ಸುದ್ದಿ ಕೇಳಿ ಸುಮ್ನೆ ಗಾಬರಿಯಾಗುತ್ತಾರೆ, ಇಲ್ಲವೇ ತಮ್ಮದನ್ನು ಕೇಳಿಸಿಕೊಳ್ಳುವುದೇ ಇಲ್ಲ. ವಿಭಾಗದ ಹೆಸರು ಬಿಟ್ಟು ಜಿಲ್ಲೆಯ ಹೆಸರು ನೋಡಿ.

ಹತ್ತು ಹದಿನೈದು ದಿನ ಮುಂದಿನದನ್ನು ತಾರೀಕು ಸಮೇತ ಹೇಳುವ ವಾಟ್ಸ್ಆಪ್ ಸಂದೇಶಗಳನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಗುಡುಗು ಮಳೆಯ ವಿಷಯದಲ್ಲಿ ಎರಡು ಮೂರು ದಿನದ ಮುನ್ಸೂಚನೆ ಕೆಲಸಕ್ಕೆ ಬರುತ್ತದೆ, ಅದೇ ದಿನ ಮೂರು ತಾಸು ಮುಂಚಿತವಾಗಿ ಕೊಡುವ ಎಚ್ಚರಿಕೆ ಇನ್ನೂ ನಂಬಿಕಸ್ಥ. ಮಂಗಳವಾರ, ಶುಕ್ರವಾರ ಜಿಲ್ಲಾವಾರು ಕೃಷಿ ಹವಾಮಾನ ಸಲಹೆ ಬರುತ್ತದೆ, ‘ಮೇಘದೂತ್’ ಆಪ್‌ನಲ್ಲಿ ಕನ್ನಡದಲ್ಲೇ ಓದಬಹುದು. ಮೊಬೈಲ್ ಬಳಸಲು ಬಾರದ ಹಿರಿಯರಿದ್ದರೆ ಕಿಸಾನ್ ಕಾಲ್ ಸೆಂಟರಿಗೆ, 1800-180-1551ಕ್ಕೆ ಫೋನ್ ಮಾಡಿಸಿ.

ಪ್ರಶ್ನೆ: ಉತ್ತರೆ ಮಳೆ ನಂಬಿ ಬಿಳಿಜೋಳ ಬಿತ್ತಬಹುದಾ? ಹಸ್ತದವರೆಗೆ ಕಾಯಬೇಕಾ? ಕಡಲೆಗೆ ಯಾವಾಗ? (ಕುಷ್ಟಗಿ ತಾಲೂಕು, ಎರಿ (ಕಪ್ಪು ಮಣ್ಣಿನ) ಹೊಲದ ರೈತರು)

ಉತ್ತರೆ ಸೆಪ್ಟೆಂಬರ್ 13ರ ಸುಮಾರಿಗೆ ಹುಟ್ಟಿ 27ರವರೆಗೆ, ಹಸ್ತ ಅಲ್ಲಿಂದ ಅಕ್ಟೋಬರ್ 10ರ ತನಕ, ಆಮೇಲೆ ಚಿತ್ತಿ, ಸ್ವಾತಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವ ಲೆಕ್ಕ ಇದು. ನಮ್ಮ ಹಿರಿಯರು ಇದನ್ನು ಕ್ಯಾಲೆಂಡರಿನಂತೆ ಬಳಸಿದರು, ಬಹಳ ಚೆನ್ನಾಗಿಯೇ ಬಳಸಿದರು. ಎರಿ ಭೂಮಿಯಲ್ಲಿ ಬಿಳಿಜೋಳಕ್ಕೆ ಕೃಷಿ ವಿಜ್ಞಾನಿಗಳು ಹೇಳುವ ಕಾಲವೂ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಅಂದರೆ ಉತ್ತರೆ, ಹಸ್ತವೇ. ತಡವಾದಷ್ಟೂ ಕಾಳು ಕಟ್ಟುವ ಹೊತ್ತಿಗೆ ಹಸಿ ಕಡಿಮೆ.

ಆದರೆ ನಕ್ಷತ್ರ ಮಳೆ ಬೀಳುವ ಕಾಲವನ್ನು ಹೇಳುತ್ತದೆಯೇ ಹೊರತು, ಈ ವರ್ಷ ನಿಮ್ಮ ಹೊಲದಲ್ಲಿ ಎಷ್ಟು ಬಿತ್ತು ಅನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ಗುದ್ದಲಿ ತೆಗೆದುಕೊಂಡು ನಾಲ್ಕು ಕಡೆ ಅಗೆದು ನೋಡಿ. ಒಣಗಿದ ಎರಿ ಮಣ್ಣಿನಲ್ಲಿ ಒಂದು ಇಂಚು ಮಳೆ ಸುಮಾರಾಗಿ ಅರ್ಧ ಅಡಿ ಇಳಿಯುತ್ತದೆ, ಅಷ್ಟೇ. ಹಿಂಗಾರಿ ಜೋಳ ಬದುಕುವುದು ಮಣ್ಣೊಳಗೆ ಕೂತ ಹಸಿಯ ಮೇಲೆ, ಬಿತ್ತಿದ ಮೇಲೆ ಬರುವ ಮಳೆಯ ಮೇಲಲ್ಲ. ಎರಡು ಮೂರು ಅಡಿ ಹಸಿ ಸಿಕ್ಕರೆ ಉತ್ತರೆಯಲ್ಲೇ ಕೂರಿಗೆ ಹೂಡಿ, ಇನ್ನೊಂದು ಮಳೆಗೆ ಕಾಯಬೇಡಿ. ಒಂದು ಅಡಿಯೊಳಗೇ ಒಣ ಮಣ್ಣು ಸಿಕ್ಕರೆ ಹಸ್ತದವರೆಗೆ ತಡೆಯಿರಿ. ಅಷ್ಟರಲ್ಲಿ ಹೊಲ ಹರಗಿ ಕಳೆ ತೆಗೆದಿರಲಿ, ಸಣ್ಣ ಬದು ಹಾಕಿ ಚೌಕುಮಡಿ ಕಟ್ಟಿರಲಿ. ಸೆಪ್ಟೆಂಬರಿನ ರಭಸದ ಮಳೆ ಹಳ್ಳಕ್ಕೆ ಓಡಿಹೋಗದೆ ಹೊಲದಲ್ಲೇ ಇಂಗಬೇಕು, ನನ್ನ ಪ್ರಕಾರ ಈ ಒಂದು ಕೆಲಸಕ್ಕೆ ನಮ್ಮ ಸೀಮೆಯಲ್ಲಿ ಇನ್ನೂ ಸಾಕಷ್ಟು ಬೆಲೆ ಸಿಕ್ಕಿಲ್ಲ.

ಕಡಲೆಗೆ ಅಕ್ಟೋಬರ್ ಮೊದಲ ಹದಿನೈದು ದಿನ ಒಳ್ಳೆಯದು. ತೀರಾ ಮುಂಚೆ, ಬಿಸಿ ಜಾಸ್ತಿ ಇದ್ದು ಮಳೆಯೂ ಹಿಡಿದಿರುವಾಗ ಬಿತ್ತಿದರೆ ಗಿಡ ಸೊರಗಿ ಒಣಗುವ ಸಿಡಿ ರೋಗಕ್ಕೆ ದಾರಿ. ಬೀಜಕ್ಕೆ ಟ್ರೈಕೋಡರ್ಮಾ ಅನ್ನುವ ಮಿತ್ರ ಶಿಲೀಂಧ್ರ ಲೇಪಿಸಿ ಬಿತ್ತಿ. ಚಿತ್ತಿ ಮಳೆಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ, ಕುರುಡು ಚಿತ್ತಿ ಅಂತ ಹಿರಿಯರು ಸುಮ್ನೆ ಹೇಳಿಲ್ಲ, ಅದು ಬಿದ್ದ ಕಡೆ ಬೀಳುತ್ತದೆ, ಬಿಟ್ಟ ಕಡೆ ಬಿಡುತ್ತದೆ.

ಪ್ರಶ್ನೆ: ಮೋಡ ಕವಿದಿದೆ, ಸೆಕೆ ಇದೆ, ಗದ್ದೆಯಲ್ಲಿ ಜಿಗಿಹುಳು ಶುರುವಾಗಿದೆ. ಈಗಲೇ ಔಷಧಿ ಹೊಡೆಯಲಾ? (ಕಾರಟಗಿಯ ಭತ್ತದ ರೈತರು)

ಮೊದಲು ಬುಡ ನೋಡಿ. ಕಂದು ಜಿಗಿಹುಳು ಎಲೆಯ ಮೇಲೆ ಕಾಣುವುದಿಲ್ಲ, ನೀರಿನ ಮಟ್ಟದ ಸ್ವಲ್ಪ ಮೇಲೆ ಬುಡದಲ್ಲಿ ಕೂತು ರಸ ಹೀರುತ್ತದೆ. ಮೋಡ, ಸೆಕೆ, ಗಾಳಿಯಾಡದ ಒತ್ತು ನಾಟಿ, ಯೂರಿಯಾ ಜಾಸ್ತಿ, ನಿಂತ ನೀರು ಎಲ್ಲ ಸೇರಿದರೆ ಗದ್ದೆ ನಡುವೆ ದುಂಡಗೆ ಸುಟ್ಟಂತೆ ಆಗುತ್ತದೆ. ಹಾಗಾಗಿ ಮೊದಲ ಔಷಧಿ ಅಂದರೆ ನೀರು ಬಸಿಯುವುದು. ಮೂರು ನಾಲ್ಕು ದಿನ ನೀರು ತೆಗೆದು ಗದ್ದೆ ಆರಲು ಬಿಡಿ. ಯೂರಿಯಾ ನಿಲ್ಲಿಸಿ. ಅಲ್ಲಲ್ಲಿ ಬೆಳೆ ಬಗ್ಗಿಸಿ ಸಾಲು ಬಿಡಿಸಿದರೆ ಬುಡಕ್ಕೆ ಗಾಳಿ ಬೆಳಕು ಹೋಗುತ್ತದೆ. ಅಂಗಡಿಯಲ್ಲಿ ಕೊಡುವ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳನ್ನು ಇದಕ್ಕೆ ಹೊಡೆಯಬೇಡಿ. ಹುಳುವನ್ನು ತಿನ್ನುವ ಜೇಡ, ಮಿತ್ರಕೀಟಗಳು ಸತ್ತು, ಜಿಗಿಹುಳು ಮೊದಲಿಗಿಂತ ಜಾಸ್ತಿಯಾಗುತ್ತದೆ. ಹುಳು ಮಿತಿ ಮೀರಿದೆ ಅನಿಸಿದರೆ ರೈತ ಸಂಪರ್ಕ ಕೇಂದ್ರದವರನ್ನು ಕೇಳಿ, ಅವರು ಹೇಳಿದ್ದನ್ನು ಬುಡಕ್ಕೆ ಬೀಳುವಂತೆ ಹೊಡೆಯಿರಿ, ಅದೂ ಮಳೆ ಇಲ್ಲದ ಹೊತ್ತು ನೋಡಿ.

ಸೋನಾ ಮಸೂರಿಯವರು ಇನ್ನೊಂದನ್ನು ಗಮನಿಸಿ. ಸೆಪ್ಟೆಂಬರ್ ಕೊನೆಗೆ ರಾತ್ರಿ ತಂಪಾಗಿ ಇಬ್ಬನಿ ಬೀಳಲು ಶುರುವಾದರೆ ಬೆಂಕಿ ರೋಗ ಬರುತ್ತದೆ. ಎಲೆಯ ಮೇಲೆ ಕಣ್ಣಿನ ಆಕಾರದ ಚುಕ್ಕೆ ಕಂಡ ದಿನವೇ ಎಚ್ಚೆತ್ತುಕೊಳ್ಳಿ. ತೆನೆ ಬಂದ ಮೇಲೆ ಕುತ್ತಿಗೆಗೆ ಬಿದ್ದರೆ ಏನೂ ಮಾಡಲು ಬರುವುದಿಲ್ಲ.

ಪ್ರಶ್ನೆ: ಹತ್ತಿ ಕಾಯಿ ಕಟ್ಟಿದೆ. ದೊಡ್ಡ ಮಳೆ ಬಂದ ಮರುದಿನವೇ ಗಿಡ ಜೋತುಬಿದ್ದಿವೆ. ರೋಗವಾ? (ಮಾನ್ವಿ)

ರೋಗ ಅಲ್ಲ. ಬಹಳ ದಿನ ಒಣಗಿದ್ದು ಒಮ್ಮೆಲೇ ನೀರು ನಿಂತರೆ ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ, ಕಾಯಿ ತುಂಬಿದ ಗಿಡ ತಟ್ಟನೆ ಸೊರಗುತ್ತದೆ. ಶಿಲೀಂಧ್ರನಾಶಕಕ್ಕೆ ದುಡ್ಡು ಸುರಿಯಬೇಡಿ. ತಡಮಾಡದೆ ಬಸಿಗಾಲುವೆ ತೆಗೆದು ನೀರು ಹೊರಹಾಕಿ, ಹೊಲ ಕಾಲಿಡುವಷ್ಟು ಆರಿದ ಮೇಲೆ ಎಡೆ ಹೊಡೆಯಿರಿ. ಬೇಗ ನೀರು ತೆಗೆದರೆ ಸಾಕಷ್ಟು ಗಿಡ ಚೇತರಿಸಿಕೊಳ್ಳುತ್ತವೆ. ಒಡೆದ ಹತ್ತಿ ಇದ್ದರೆ ಎರಡು ದಿನದ ಮುನ್ಸೂಚನೆ ನೋಡಿಕೊಂಡು ಮಳೆಗೆ ಮೊದಲೇ ಬಿಡಿಸಿ, ಬೆಳಗಿನ ಇಬ್ಬನಿ ಆರಿದ ಮೇಲೆ ಬಿಡಿಸಿ. ತೊಯ್ದದ್ದನ್ನು ಒಣಗಿದ್ದರ ಜೊತೆ ಚೀಲಕ್ಕೆ ತುಂಬಬೇಡಿ, ಬಣ್ಣ ಕೆಟ್ಟು ಇಡೀ ಚೀಲಕ್ಕೆ ರೇಟು ಬೀಳುತ್ತದೆ.

ಪ್ರಶ್ನೆ: 2009ರಂಥ ನೆರೆ ಮತ್ತೆ ಬರಬಹುದಾ? ಡ್ಯಾಂನಿಂದ ಎಷ್ಟು ಕ್ಯೂಸೆಕ್ ಬಿಟ್ಟರೆ ನಾವು ಹೆದರಬೇಕು? (ಸಿರುಗುಪ್ಪ ತಾಲೂಕಿನ ನದಿ ದಂಡೆಯಿಂದ)

ಬರಬಹುದು. ಯಾವ ವರ್ಷ ಅಂತ ಮೊದಲೇ ಹೇಳಲು ಯಾರಿಗೂ ಆಗುವುದಿಲ್ಲ, ಆದರೆ ಬಂದರೆ ಬರುವ ಕಾಲ ಇದೇ. 2009ರಲ್ಲಿ ಸೆಪ್ಟೆಂಬರ್ ಕೊನೆಯ ದಿನಗಳಿಂದ ಅಕ್ಟೋಬರ್ 2ರ ಹೊತ್ತಿಗೆ ನಡೆದದ್ದು ನಿಮಗೆ ನೆನಪಿದೆ. ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ ಆಂಧ್ರದ ಮೇಲೆಯೇ ನಿಂತಿತು, ಉತ್ತರ ಕರ್ನಾಟಕದಲ್ಲಿ ಕೆಲವೇ ದಿನಗಳಲ್ಲಿ ತಿಂಗಳ ಮಳೆಗಿಂತ ಜಾಸ್ತಿ ಸುರಿಯಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಮಂತ್ರಾಲಯ, ಕರ್ನೂಲು ಮುಳುಗಿದವು. ಅದು ಮಲೆನಾಡಿನ ನೀರಿನಿಂದ ಬಂದ ನೆರೆಯಲ್ಲ, ಇಲ್ಲೇ ಬಿದ್ದ ಮಳೆಯಿಂದ ಹಳ್ಳಗಳೆಲ್ಲ ಒಟ್ಟಿಗೆ ಉಕ್ಕಿ ಬಂದದ್ದು. ಅದಕ್ಕೇ ಹೇಳುವುದು, ಡ್ಯಾಂ ಗೇಟಿನ ಮೇಲೆ ಮಾತ್ರ ಕಣ್ಣಿಟ್ಟರೆ ಸಾಲದು. ಈ ತಿಂಗಳುಗಳಲ್ಲಿ ಪಕ್ಕದ ಹಳ್ಳವೇ ಹೆಚ್ಚು ಅಪಾಯ. ಹರಿಯುವ ಹಳ್ಳಕ್ಕೆ ಬೈಕು, ಟ್ರ್ಯಾಕ್ಟರು ಇಳಿಸಬೇಡಿ, ಮೊಣಕಾಲುದ್ದ ನೀರು ಅಂದುಕೊಂಡು ಇಳಿದವರನ್ನೇ ನೀರು ಒಯ್ಯುತ್ತದೆ.

ಇನ್ನು ಡ್ಯಾಂ ಲೆಕ್ಕ. ಪೂರ್ತಿ ಮಟ್ಟ 1,633 ಅಡಿ. 1953ರಲ್ಲಿ ಕಟ್ಟಿ ಮುಗಿದಾಗ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ 105ರ ಸುಮಾರಿಗೆ ಬಂದಿದೆ. ಅಂದರೆ ಸೆಪ್ಟೆಂಬರಿನಲ್ಲಿ ತುಂಬಿದ ಡ್ಯಾಂಗೆ ಮತ್ತೆ ನೀರು ಬಂದರೆ ಬಂದಷ್ಟನ್ನೂ ಬಿಡಲೇಬೇಕು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ. ಹೊರಹರಿವು ಒಂದು ಲಕ್ಷ ದಾಟಿ ಏರತೊಡಗಿದರೆ ಹಂಪಿಯ ಪುರಂದರ ಮಂಟಪ, ಕಂಪ್ಲಿ-ಗಂಗಾವತಿ ಸೇತುವೆ, ವಿರೂಪಾಪುರ ಗಡ್ಡೆ ಕಡೆಯಿಂದ ಸುದ್ದಿ ಬರಲು ಶುರುವಾಗುತ್ತದೆ. ಆ ಸುದ್ದಿ ಕೇಳಿದ ಕೂಡಲೇ ಪಂಪ್‌ಸೆಟ್ ಮೇಲೆತ್ತಿ, ದನಕರು ದಂಡೆಯಿಂದ ದೂರ ಕಟ್ಟಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕಿತ್ತುಹೋದಾಗ ಯಾರಿಗೂ ಸಿದ್ಧವಾಗಲು ವೇಳೆ ಇರಲಿಲ್ಲ. ಹಾಗಾಗಿ ಮಳೆಗಾಲ ಮುಗಿಯುವ ತನಕ ನದಿ ಪಾತ್ರದಲ್ಲಿ ಮೋಟಾರು, ಮೇವಿನ ಬಣವೆ ಇಡುವುದೇ ಬೇಡ ಅನ್ನುವುದು ನನ್ನ ಕಳಕಳಿಯ ಮಾತು.

ಪ್ರಶ್ನೆ: ಅಪ್ಪ ಕುರಿ ಮೇಯಿಸಲು ಗುಡ್ಡಕ್ಕೆ ಹೋಗುತ್ತಾರೆ. ಸಿಡಿಲಿನ ಭಯ. ಏನು ಹೇಳಲಿ? (ಕನಕಗಿರಿಯ ಪಿಯುಸಿ ವಿದ್ಯಾರ್ಥಿನಿ)

ತಂಗಿ, ನೀನು ಕೇಳಿದ್ದು ಬಹಳ ಒಳ್ಳೆಯದಾಯಿತು. ಗುಡುಗು ಕೇಳಿಸಿತು ಅಂದರೆ ಸಿಡಿಲು ಬೀಳಬಹುದಾದಷ್ಟು ಹತ್ತಿರ ಮೋಡ ಬಂದಿದೆ ಅಂತಲೇ ಅರ್ಥ, ಮಳೆ ಶುರುವಾಗುವುದಕ್ಕೆ ಕಾಯಬಾರದು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಬಂದರೆ ಕೂಡಲೇ ಗುಡ್ಡ ಇಳಿಯಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಬಿಟ್ಟು ಹೊರಬರಬೇಕು. ಒಂಟಿ ಮರದ ಕೆಳಗೆ ನಿಲ್ಲುವುದು ಎಲ್ಲಕ್ಕಿಂತ ಅಪಾಯ, ನಮ್ಮ ಕಡೆ ಬಹಳ ಸಾವು ಅಲ್ಲೇ ಆಗುತ್ತವೆ. ತಂತಿ ಬೇಲಿ, ವಿದ್ಯುತ್ ಕಂಬ, ಕೆರೆಯ ನೀರಿನಿಂದ ದೂರ ಇರಬೇಕು. ಪಕ್ಕಾ ಮನೆ ಸಿಗದೆ ಬಯಲಲ್ಲೇ ಸಿಕ್ಕಿಬಿದ್ದರೆ ತಗ್ಗು ಜಾಗ ನೋಡಿ, ಪಾದ ಜೋಡಿಸಿ, ಕುಕ್ಕರಗಾಲಲ್ಲಿ ಕೂತು ಕಿವಿ ಮುಚ್ಚಿಕೊಳ್ಳಲಿ, ಮಲಗಬಾರದು. ಕುರಿಗಳು ಒತ್ತಾಗಿ ಗುಂಪು ಸೇರಿದ್ದರೆ ಅಪ್ಪ ಸ್ವಲ್ಪ ದೂರವೇ ಇರಲಿ. ಅವರ ಫೋನಿಗೆ ‘ದಾಮಿನಿ’ ಆಪ್ ಹಾಕಿಕೊಡು, ಹತ್ತಿರದಲ್ಲಿ ಸಿಡಿಲಿನ ಸಾಧ್ಯತೆ ಇದ್ದರೆ ತಿಳಿಸುತ್ತದೆ. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಅನ್ನುವುದು ಸುಳ್ಳು. ಕೂಡಲೇ 108ಕ್ಕೆ ಫೋನ್ ಮಾಡಿ, ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರುಮಾಡಬೇಕು. ಆ ಹೊತ್ತಲ್ಲಿ ಎಷ್ಟೋ ಜನ ಬದುಕುತ್ತಾರೆ.

ಪ್ರಶ್ನೆ: ಅಕ್ಟೋಬರಿನಲ್ಲಿ ಮತ್ತೆ ಬೇಸಿಗೆ ಬಂದಂತೆ ಸೆಕೆ ಯಾಕೆ? (ರಾಯಚೂರು)

ಮೋಡ ಸರಿದು ಬಿಸಿಲು ನೇರ ಬೀಳುತ್ತದೆ, ನೆಲದಲ್ಲಿ ಇನ್ನೂ ತೇವ ಇರುತ್ತದೆ, ಗಾಳಿ ಮಾತ್ರ ನಿಂತಿರುತ್ತದೆ. ಬೆವರು ಆರುವುದಿಲ್ಲ, ಅದಕ್ಕೇ 33 ಡಿಗ್ರಿಯೂ ಜಾಸ್ತಿ ಅನಿಸುತ್ತದೆ. ಅಕ್ಟೋಬರ್ ಕೊನೆಗೆ ಒಣ ಮೂಡಲ ಗಾಳಿ ಶುರುವಾದರೆ ರಾತ್ರಿಗಳು ಹಿತವಾಗುತ್ತವೆ.

ಪ್ರಶ್ನೆ: ಎಲ್ ನಿನೊ ಬಂದರೆ ನಮ್ಮ ಹಿಂಗಾರು ಮಳೆ ಹೋಯಿತು ಅಂತಲೇ ಅರ್ಥವಾ? (ಸಿಂಧನೂರಿನಿಂದ)

ಹಾಗೇನಿಲ್ಲ. ಪೆಸಿಫಿಕ್ ಸಾಗರದ ಮೇಲ್ನೀರು ಮಾಮೂಲಿಗಿಂತ ಬಿಸಿಯಾಗುವುದೇ ಎಲ್ ನಿನೊ, ಆಗ ನಮ್ಮ ಮುಂಗಾರು ಸಾಮಾನ್ಯವಾಗಿ ಬಡವಾಗುತ್ತದೆ. 2023ರಲ್ಲಿ ಅದನ್ನು ಉಂಡೆವು. ಆ ವರ್ಷದ ಆಗಸ್ಟ್ 1901ರಿಂದ ಈಚೆಗೆ ದೇಶದ ಅತಿ ಒಣ ಆಗಸ್ಟ್, ನಮ್ಮ ರಾಜ್ಯದ ಬಹುಪಾಲು ತಾಲೂಕುಗಳು ಬರಪಟ್ಟಿಗೆ ಸೇರಿದವು. ಆದರೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತಕ್ಕೆ ಎಲ್ ನಿನೊ ಹೆಚ್ಚಾಗಿ ಅನುಕೂಲವೇ. ಅಡಚಣೆ ಇರುವುದು ಬೇರೆ ಕಡೆ: ಆ ಮಳೆಯ ಹೆಚ್ಚಿನ ಪಾಲು ತಮಿಳುನಾಡು, ಆಂಧ್ರದ ಕರಾವಳಿ, ರಾಯಲಸೀಮೆ, ನಮ್ಮ ದಕ್ಷಿಣದ ಜಿಲ್ಲೆಗಳಿಗೆ. ಮುಂಗಾರು ಅಕ್ಟೋಬರ್ ಎರಡನೇ ವಾರದ ಸುಮಾರಿಗೆ ನಮ್ಮಿಂದ ಹಿಂದೆ ಸರಿಯುತ್ತದೆ, ಆಮೇಲೆ ಸಿಂಧನೂರಿಗೆ ಏನು ಸಿಕ್ಕರೂ ಬಂಗಾಳ ಕೊಲ್ಲಿಯಲ್ಲಿ ಎದ್ದ ಒಂದೆರಡು ಚಂಡಮಾರುತ, ವಾಯುಭಾರ ಕುಸಿತಗಳಿಂದ. ನವೆಂಬರಿಗೆ ಅದೂ ಕಡಿಮೆ, ಬಂದರೂ ಕೊಯ್ಲಿಗೆ ಬಂದ ಭತ್ತ ಮಲಗಿಸಿ ಹೋಗುತ್ತದೆ. ಆದ್ದರಿಂದ ಎರಡನೇ ಬೆಳೆಯ ಯೋಚನೆ ಇದ್ದರೆ ಹಿಂಗಾರು ಮಳೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ನೀರಾವರಿ ಸಲಹಾ ಸಮಿತಿ ನವೆಂಬರ್ ಆಸುಪಾಸಿನಲ್ಲಿ ಸಭೆ ಸೇರಿ ಕಾಲುವೆಗೆ ಎಷ್ಟು ದಿನ ನೀರು ಅಂತ ತೀರ್ಮಾನಿಸುತ್ತದೆ, ಅದಕ್ಕೆ ಮೊದಲು ಸಸಿಮಡಿ ಹಾಕಬೇಡಿ. ಕಾಲುವೆಯ ಕೊನೆ ಭಾಗದಲ್ಲಿರುವವರಾದರೆ ಭತ್ತದ ಬದಲು ಜೋಳ, ಕಡಲೆಯ ಬೀಜವನ್ನೂ ಈಗಲೇ ಹೊಂದಿಸಿಟ್ಟುಕೊಳ್ಳಿ.